ಕೊಡಗಿನ ಬಗ್ಗೆ ಬರೆಯುವಾಗ ವಿಷಯ ಆರಿಸುವುದು ಹೇಗೆ? ಓದುಗರು ಎಲ್ಲಿಂದ ಬರುತ್ತಾರೆ?

ಸುಂಟಿಕೊಪ್ಪದ ಬರಹ:
ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಕೊಡಗಿನ ಬಗ್ಗೆ ಕನ್ನಡದಲ್ಲಿ ಲೇಖನ ಬರೆದು ಅಂತರ್ಜಾಲದಲ್ಲಿ ಹಾಕುತ್ತೇನೆ. ಅಬ್ಬಿ ಜಲಪಾತ, ರಾಜಾಸೀಟ್, ಮಾಂದಲಪಟ್ಟಿ, ದುಬಾರೆ ಎಲ್ಲದರ ಮೇಲೂ ಒಂದೊಂದು ಲೇಖನ ಇದೆ. ಒಳ್ಳೆಯ ಫೋಟೋಗಳೂ ಇವೆ. ಆದರೆ ಅವನ್ನು ಓದುವವರು ನನ್ನ ಗೆಳತಿಯರು ಮತ್ತು ನೆಂಟರು, ಅಷ್ಟೇ.

ಇದರ ಮಧ್ಯೆ ಒಂದು ಸಣ್ಣ ಲೇಖನ ಹಾಕಿದ್ದೆ. ತೋಟದಲ್ಲಿ ಮಳೆ ಅಳೆಯುವುದು ಹೇಗೆ, ಇಂಚು–ಸೆಂಟಿನ ಲೆಕ್ಕ ಏನು, ಹವಾಮಾನ ಇಲಾಖೆ ಹೇಳುವ ಮಿಲಿಮೀಟರನ್ನು ಇಂಚಿಗೆ ತರುವುದು ಹೇಗೆ ಎಂದು. ಒಂದು ಇಂಚು ಅಂದರೆ 25.4 ಮಿ.ಮೀ., ನೂರು ಸೆಂಟು ಸೇರಿದರೆ ಒಂದು ಇಂಚು. ಇಷ್ಟೇ ವಿಷಯ. ಅದನ್ನು ಮಾತ್ರ ಗುರುತು ಪರಿಚಯ ಇಲ್ಲದವರೂ ಹುಡುಕಿಕೊಂಡು ಬಂದು ಓದುತ್ತಿದ್ದಾರೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಕೆಲವರು ಕೆಳಗೆ ಪ್ರಶ್ನೆ ಕೂಡ ಕೇಳಿದ್ದಾರೆ.

ಯಾಕೆ ಹೀಗೆ? ಜನ ಬರುವ ಊರಿನ ಬಗ್ಗೆ ಬರೆದರೆ ಓದುಗರಿಲ್ಲ, ಮಳೆ ಮಾಪಕದ ಬಗ್ಗೆ ಬರೆದರೆ ಇದ್ದಾರೆ. ಇನ್ನು ಮುಂದೆ ಯಾವ ವಿಷಯ ಹಿಡಿಯಲಿ? ಅನುಭವ ಇದ್ದವರು ಹೇಳಿ.

ಮಡಿಕೇರಿ ವರದಿಗಾರ:
ಒಳ್ಳೆಯ ಪ್ರಶ್ನೆ. ನಾನು ಪತ್ರಿಕೆಯಲ್ಲಿ ಇದ್ದವನು, ಈಗ ಅಂತರ್ಜಾಲಕ್ಕೇ ಬರೆಯುತ್ತೇನೆ.

ಒಮ್ಮೆ ನೀವೇ ಗೂಗಲ್‌ನಲ್ಲಿ 'ಕೊಡಗಿನ ಪ್ರವಾಸಿ ತಾಣಗಳು' ಎಂದು ಹುಡುಕಿ ನೋಡಿ. ದೊಡ್ಡ ಪತ್ರಿಕೆಗಳು, ಪ್ರವಾಸ ಕಂಪನಿಗಳು, ಸರ್ಕಾರದ ಪುಟಗಳು ಎಲ್ಲ ಮೇಲೆ ಕುಳಿತಿವೆ. ಅಬ್ಬಿ ಜಲಪಾತ ಮಡಿಕೇರಿಯಿಂದ ಎಷ್ಟು ದೂರ ಎಂಬುದನ್ನು ಅವರೂ ಬರೆದಿದ್ದಾರೆ, ನೀವೂ ಬರೆದಿದ್ದೀರಿ. ಓದುಗ ನಿಮ್ಮ ಪುಟಕ್ಕೇ ಬರಲು ಕಾರಣ ಬೇಕಲ್ವಾ?

ಮಳೆಯ ಲೇಖನದ ಕಥೆ ಬೇರೆ. ಮೊಬೈಲಿನಲ್ಲಿ '110 ಮಿ.ಮೀ. ಮಳೆ' ಎಂದು ಬರುತ್ತದೆ. ನಮ್ಮವರಿಗೆ ಅದು ನಾಲ್ಕು ಇಂಚು ದಾಟಿತು ಅಂದರೆ ಮಾತ್ರ ಮಳೆಯ ಜೋರು ತಿಳಿಯುತ್ತದೆ. ಇಲ್ಲಿ ಮಳೆ ಅಂಕಿ ಅಂದರೆ ದಿನದ ಸುದ್ದಿ. ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಡೈರಿ ಬರೆದಿಟ್ಟಿದ್ದಾರೆ. ಆ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವರು ಕಡಿಮೆ. ನೀವು ಹೇಳಿದಿರಿ, ಜನ ಬಂದರು.

ನಾನು ವಿಷಯ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವತ್ತು ಯಾರಿಗೆ, ಯಾವ ಕೆಲಸಕ್ಕೆ ಇದು ಬೇಕು? ಉತ್ತರದಲ್ಲಿ ಒಬ್ಬ ಮನುಷ್ಯ ಕಣ್ಣಿಗೆ ಕಾಣದಿದ್ದರೆ ಆ ವಿಷಯವನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ನಾಪೋಕ್ಲು ಬೆಳೆಗಾರ:
ವರದಿಗಾರರ ಮಾತಿಗೆ ನನ್ನದೂ ಸೇರಿಸುತ್ತೇನೆ. ತಂಗಿ, ನಿಮಗೆ ವಿಷಯ ಬೇಕಾದರೆ ನಮ್ಮ ತೋಟದ ಕ್ಯಾಲೆಂಡರ್ ನೋಡಿ ಸಾಕು. ತಿಂಗಳು ತಿಂಗಳೂ ಒಂದೊಂದು ಪ್ರಶ್ನೆ ಏಳುತ್ತದೆ. ಪ್ರತಿ ವರ್ಷವೂ ಅದೇ ತಿಂಗಳಲ್ಲಿ ಏಳುತ್ತದೆ.

ಫೆಬ್ರವರಿ, ಮಾರ್ಚ್ ಬಂದರೆ ಎಲ್ಲರ ಬಾಯಲ್ಲೂ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಸುಮಾರು ಎಂಟು–ಒಂಬತ್ತು ದಿನಕ್ಕೆ ಹೂ ಅರಳುತ್ತದೆ. ಅರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗಸ್ಪರ್ಶಕ್ಕೆ ತೊಂದರೆ. ಅರೇಬಿಕಾ ತಳಿಯ ಕಾಫಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ತಳಿಗೆ ಬೇರೆ ಗಿಡದ ಪರಾಗ ಬೇಕು. ಹಾಗಾಗಿ ಗಾಳಿ, ಜೇನು ಎರಡೂ ಅದಕ್ಕೆ ಮುಖ್ಯ. ಇದು ಹಿರಿಯರಿಗೆ ಗೊತ್ತು. ಆದರೆ ಬೆಂಗಳೂರಿನ ಕೆಲಸ ಬಿಟ್ಟು ಈಗ ತೋಟಕ್ಕೆ ಬಂದ ಹುಡುಗರಿಗೆ ಗೊತ್ತಿಲ್ಲ. ಸ್ಪ್ರಿಂಕ್ಲರ್ ಹಾಕಲೋ, ಮಳೆಗೆ ಕಾಯಲೋ ಎಂದು ಅವರು ರಾತ್ರಿ ಮೊಬೈಲ್ ಹಿಡಿದು ಹುಡುಕುತ್ತಾರೆ. ಸಿಗುವುದೆಲ್ಲ ಇಂಗ್ಲಿಷ್‌ನಲ್ಲಿ, ಅದೂ ಬೇರೆ ದೇಶದ ತೋಟಗಳ ಬಗ್ಗೆ.

ಮೇ ತಿಂಗಳು ಬಂತು ಅಂದರೆ ಕಾಳುಮೆಣಸಿನ ಬಳ್ಳಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ. ಶೇಕಡ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದು ಎಲ್ಲ ಕಡೆ ಬರೆದಿದೆ. ಆದರೆ ಯಾವುದನ್ನು ಯಾವುದಕ್ಕೆ ಹಾಕಬೇಕು? ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ನಿಧಾನಕ್ಕೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ದ್ರಾವಣ ಸರಿ ಬಂತಾ ಎಂದು ನೋಡಲು ಹೊಳೆಯುವ ಚಾಕುವಿನ ಅಲಗು ಅದ್ದಬೇಕು. ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಹೀಗೆ ಹಂತ ಹಂತವಾಗಿ, ಫೋಟೋ ಹಾಕಿ, ಕನ್ನಡದಲ್ಲಿ ಬರೆದ ಒಂದು ಪುಟ ಇದ್ದರೆ ನಮ್ಮ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಿಗೆ ನಾನೇ ಕಳಿಸುತ್ತೇನೆ.

ಕೊಯ್ಲು ಮುಗಿದ ಮೇಲೆ ಮಾರಾಟ. ಕಾಫಿ ದರ ದಿನವೂ ಮೊಬೈಲಿಗೆ ಬರುತ್ತದೆ, ಅದನ್ನು ನೀವು ಹಾಕಬೇಡಿ. ನಾಳೆಗೆ ಹಳತಾಗುತ್ತದೆ. ಔಟ್‌ಟರ್ನ್ (ಒಣ ಕಾಯಿಯಿಂದ ಸಿಗುವ ಬೀಜದ ಪ್ರಮಾಣ) ಅಂದರೆ ಏನು, ತೇವಾಂಶ ಹೇಗೆ ನೋಡುತ್ತಾರೆ, 50 ಕೆ.ಜಿ. ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಮೂಟೆಗೆ ದರ ಹೇಗೆ ಕಟ್ಟುತ್ತಾರೆ ಎಂದು ಬರೆಯಿರಿ. ಸಣ್ಣ ಬೆಳೆಗಾರ ವ್ಯಾಪಾರಿಯ ಮುಂದೆ ನಿಂತಾಗ ಕೇಳಲು ಅವನಿಗೆ ಪ್ರಶ್ನೆ ಸಿಗಬೇಕು.

ಸುಂಟಿಕೊಪ್ಪದ ಬರಹ:
ಅಣ್ಣ, ಇಷ್ಟು ವಿವರ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆದರೆ ನಾನು ಕೃಷಿ ಓದಿದವಳಲ್ಲ. ಔಷಧಿ, ಅಳತೆ ಎಲ್ಲ ಬರೆಯುವುದು ಸರಿಯೇ?

ನಾಪೋಕ್ಲು ಬೆಳೆಗಾರ:
ಬರೆಯುವುದು ನೀವು, ಪರಿಶೀಲಿಸುವುದು ತಿಳಿದವರು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಲ್ಲಿ ಕೇಳಬಹುದು. ಅಳತೆ ಇರುವ ಸಾಲನ್ನು ಯಾರಿಗೂ ತೋರಿಸದೆ ಹಾಕಬೇಡಿ. ಒಂದು ಸೊನ್ನೆ ಜಾಸ್ತಿಯಾದರೆ ಯಾರದೋ ಬಳ್ಳಿ ಸುಡುತ್ತದೆ. ಯಾರು ನೋಡಿ ಸರಿ ಅಂದರು, ಯಾವ ತಿಂಗಳಲ್ಲಿ ಬರೆದದ್ದು ಎಂದು ಲೇಖನದ ಮೇಲೆಯೇ ಹಾಕಿ.

ಗೋಣಿಕೊಪ್ಪದ ಅಕ್ಕ:
ಅಡುಗೆ ಬರೆಯುವವಳಾಗಿ ನನ್ನ ಅನುಭವ ಹೇಳುತ್ತೇನೆ. ಪಂದಿ ಕರಿ, ಕಡಂಬುಟ್ಟು ಬಗ್ಗೆ ಎಲ್ಲರೂ ಬರೆದಿದ್ದಾರೆ, ವಿಡಿಯೊ ಕೂಡ ಬೇಕಾದಷ್ಟಿವೆ. ನನಗೆ ಪ್ರತಿ ವರ್ಷ ಓದುಗರನ್ನು ತರುವುದು ಕಕ್ಕಡದ ಮದ್ದುಸೊಪ್ಪು.

ಆಗಸ್ಟ್ 3 ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಆ ಹೊತ್ತಿಗೆ ಸೊಪ್ಪಿಗೆ ಔಷಧ ಗುಣ ತುಂಬಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಕೊಡಗಿನಿಂದ ಹೊರಗೆ ಇರುವ ಮಕ್ಕಳು, ಸೊಸೆಯರು ಆಗ ಹುಡುಕುತ್ತಾರೆ. ಸೊಪ್ಪು ಎಷ್ಟು ಹೊತ್ತು ಕುದಿಸಬೇಕು, ಬಣ್ಣ ಬಿಟ್ಟ ನೀರನ್ನು ಹೇಗೆ ಸೋಸಬೇಕು, ಪಾಯಸ ಮಾಡುವುದೋ ಹಿಟ್ಟು ಮಾಡುವುದೋ. ಮಾರನೇ ದಿನ ಇನ್ನೊಂದು ಪ್ರಶ್ನೆ ಬರುತ್ತದೆ. ಮೂತ್ರ ಕೆಂಪಗಾಗಿದೆ, ಏನಾದರೂ ತೊಂದರೆಯೇ ಎಂದು. ಸೊಪ್ಪಿನ ಬಣ್ಣ ಅದು, ಗಾಬರಿ ಬೇಡ ಎಂದು ಲೇಖನದಲ್ಲೇ ಬರೆದಿಟ್ಟಿದ್ದೇನೆ. ಮೊದಲ ಸಲ ತಿಂದವರಿಗೆ ಆ ಒಂದು ಸಾಲು ಎಷ್ಟು ಸಮಾಧಾನ ಕೊಡುತ್ತದೆ ಗೊತ್ತಾ?

ಎರಡು ವಿಷಯ ನೆನಪಿಡಿ. ಆಗಸ್ಟ್ 2ರ ರಾತ್ರಿ ಲೇಖನ ಹಾಕಿದರೆ ಪ್ರಯೋಜನ ಕಡಿಮೆ. ಗೂಗಲ್‌ಗೆ ನಿಮ್ಮ ಪುಟ ಸಿಕ್ಕಿ, ಅದು ಹುಡುಕಾಟದಲ್ಲಿ ಬರಲು ಸಮಯ ಹಿಡಿಯುತ್ತದೆ. ಜುಲೈ ಮೊದಲ ವಾರಕ್ಕೇ ಹಾಕಿ. ಇನ್ನೊಂದು, ಸೊಪ್ಪಿನ ಫೋಟೋ ಹತ್ತಿರದಿಂದ, ಎಲೆ, ಕಾಂಡ ಎರಡೂ ಕಾಣುವಂತೆ ಹಾಕಿ. ಬರೀ ಪಾಯಸದ ಬಟ್ಟಲಿನ ಚಂದದ ಫೋಟೋ ನೋಡಿ ಯಾರೂ ಸರಿಯಾದ ಗಿಡ ಗುರುತಿಸಲಾರರು. ತಪ್ಪು ಗಿಡ ಕಿತ್ತು ತಂದರೆ ಅನಾಹುತ.

ಮಾದಾಪುರ ಹೋಂಸ್ಟೇ:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ಲರೂ ಪ್ರವಾಸದ ಲೇಖನ ಬೇಡ ಎನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಕೊಡಗಿಗೆ ಬರುವ ಜನರಲ್ಲಿ ಕನ್ನಡ ಓದುವವರೇ ಎಷ್ಟೋ ಮಂದಿ. ದಾವಣಗೆರೆ, ಹುಬ್ಬಳ್ಳಿ, ತುಮಕೂರಿನಿಂದ ಸಂಸಾರ ಸಮೇತ ಬರುತ್ತಾರೆ. ಅವರು ನನಗೆ ಫೋನಿನಲ್ಲಿ ಕೇಳುವ ಪ್ರಶ್ನೆಗೆ ದೊಡ್ಡ ಕಂಪನಿಗಳ ಪುಟದಲ್ಲಿ ಉತ್ತರ ಇಲ್ಲ.

ಮಾಂದಲಪಟ್ಟಿಗೆ ನಮ್ಮ ಕಾರು ಹೋಗುತ್ತದಾ, ಜೀಪೇ ಬೇಕಾ? ಮೊಣಕಾಲು ನೋವಿರುವ ಅಮ್ಮ ಅಬ್ಬಿಗೆ ಇಳಿದು ಹತ್ತಬಲ್ಲರಾ? ಜುಲೈನಲ್ಲಿ ಮಗು ಕರೆದುಕೊಂಡು ಬರಬಹುದಾ? ತಲಕಾವೇರಿಯಲ್ಲಿ ಮಂಜು ಬಿದ್ದರೆ ಏನೂ ಕಾಣುವುದಿಲ್ಲವಂತೆ, ಹೌದಾ? ಈ ಪ್ರಶ್ನೆಗಳಿಗೆ ಉತ್ತರ ಬರೆದರೆ ಅದು ಪ್ರವಾಸದ ಲೇಖನ ಅಲ್ವಾ? 'ನೋಡಲೇಬೇಕಾದ ಹತ್ತು ತಾಣ' ಎಂಬ ಪಟ್ಟಿ ಬಿಡಿ. ತಾಣವನ್ನೇ ಬಿಡಬೇಡಿ.

ಇನ್ನೊಂದು ಮಾತು, ಇದು ಮನಸ್ಸಿನಿಂದ ಹೇಳುತ್ತಿದ್ದೇನೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಏನಾಯಿತು ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಮಕ್ಕಂದೂರು, ಜೋಡುಪಾಲ ಕಡೆ ಮನೆ, ತೋಟ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಅದಾದ ಮೇಲೆ ಪ್ರತಿ ಮಳೆಗಾಲ ಹಳೆಯ ಭೂಕುಸಿತದ ವಿಡಿಯೊಗೆ ಹೊಸ ತಲೆಬರಹ ಹಾಕಿ ಹರಿಯಬಿಡುವವರು ಇರುತ್ತಾರೆ. ಓದುಗರು ಬರುತ್ತಾರೆ, ನಿಜ. ಆದರೆ ಆ ವಿಡಿಯೊ ನೋಡಿ ದುಬೈನಲ್ಲಿ ಇರುವ ಮಗ ನಡುರಾತ್ರಿ ಮನೆಗೆ ಫೋನ್ ಮಾಡುತ್ತಾನೆ. ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಫೋನ್ ಸಿಗುವುದಿಲ್ಲ. ಆ ಮನೆಯವರ ಸಂಕಟ ಯೋಚಿಸಿ. ಹೀಗೆ ಗಳಿಸುವ ಓದುಗ ಬೇಡವೇ ಬೇಡ.

ಮಡಿಕೇರಿ ವರದಿಗಾರ:
ಹೋಂಸ್ಟೇಯವರ ಮಾತು ಪೂರ್ತಿ ಒಪ್ಪುತ್ತೇನೆ. ವಿಷಯ ಹಳೆಯದಾದರೂ ಪ್ರಶ್ನೆ ಹೊಸದಾಗಿದ್ದರೆ ಜಾಗ ಇದೆ. ಮಳೆಗಾಲದ ರಸ್ತೆ ಬಗ್ಗೆ ಬರೆಯುವಾಗ ದಿನಾಂಕ, ಗಂಟೆ ಎರಡೂ ಹಾಕಿ. ಪರಿಸ್ಥಿತಿ ಬದಲಾದರೆ ಲೇಖನದ ಮೇಲ್ತುದಿಯಲ್ಲೇ ಬದಲಾಯಿಸಿ, ಕೆಳಗೆ ಸಣ್ಣಕ್ಷರದಲ್ಲಿ ಅಲ್ಲ.

ತಲೆಬರಹದ ಬಗ್ಗೆಯೂ ಒಂದು ಮಾತು. 'ಬೆಚ್ಚಿಬೀಳುವ ಸತ್ಯ', 'ನೀವು ನಂಬಲಾರಿರಿ' ಇಂಥದ್ದಕ್ಕೆ ಜನ ಒಮ್ಮೆ ಒತ್ತುತ್ತಾರೆ. ಒಳಗೆ ಏನೂ ಇಲ್ಲದಿದ್ದರೆ ನಿಮ್ಮ ಹೆಸರು ನೆನಪಿಟ್ಟುಕೊಂಡು ಮುಂದಿನ ಸಲ ದಾಟಿ ಹೋಗುತ್ತಾರೆ. ನಮ್ಮದು ಸಣ್ಣ ಜಿಲ್ಲೆ. ಇಲ್ಲಿ ಓದುಗರಿಗೆ ನೀವು ಯಾರು, ಯಾವ ಊರು ಎಂದು ಬೇಗ ತಿಳಿಯುತ್ತದೆ. 'ಕಾಳುಮೆಣಸಿಗೆ ಬೋರ್ಡೋ ದ್ರಾವಣ: ಮಳೆಗೆ ಮುಂಚೆ ಮನೆಯಲ್ಲೇ ಮಾಡುವ ಕ್ರಮ' ಎಂದು ನೇರವಾಗಿ ಬರೆದರೆ ಸಾಕು. ಬೇಕಾದವನು ನಿಲ್ಲುತ್ತಾನೆ.

ಜನ ಬಳಸುವ ಬೇರೆ ಬೇರೆ ಹೆಸರುಗಳನ್ನೂ ಲೇಖನದ ಒಳಗೆ ಸಹಜವಾಗಿ ತನ್ನಿ. ಒಬ್ಬರು ಕರಿಮೆಣಸು ಎಂದು ಹುಡುಕುತ್ತಾರೆ, ಇನ್ನೊಬ್ಬರು ಒಳ್ಳೆಮೆಣಸು ಎಂದು. ನಮ್ಮ ಸುಗ್ಗಿ ಹಬ್ಬಕ್ಕೆ ಹುತ್ತರಿ ಎನ್ನುವವರು ಇದ್ದಾರೆ, ಪುತ್ತರಿ ಎನ್ನುವವರೂ ಇದ್ದಾರೆ. ಆದರೆ ಪುಟದ ಕೆಳಗೆ ಸುಮ್ನೆ ನೂರು ಪದ ತುಂಬಿಸುವ ಹಳೆಯ ಅಭ್ಯಾಸ ಬಿಡಿ. ಪುಟದ ಹಿಂದೆ ಅಡಗಿಸಿಡುವ ಕೀವರ್ಡ್ ಪಟ್ಟಿಯನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಶನಿವಾರಸಂತೆ ಮೇಷ್ಟ್ರು:
ಎಲ್ಲರ ಮಾತೂ ಓದಿದೆ. ನನಗೆ ಒಂದು ಚಿಂತೆ. ಜನ ಏನು ಹುಡುಕುತ್ತಾರೋ ಅದನ್ನೇ ಬರೆಯಬೇಕು ಎಂದರೆ, ಹುಡುಕಲು ಗೊತ್ತೇ ಇಲ್ಲದ ವಿಷಯದ ಗತಿ ಏನು?

ಕೊಡಗು ಒಂದು ಕಾಲಕ್ಕೆ ಪ್ರತ್ಯೇಕ ರಾಜ್ಯವಾಗಿತ್ತು. 1952ರ ಚುನಾವಣೆ, 24 ಸ್ಥಾನಗಳ ವಿಧಾನಸಭೆ, ಮುಖ್ಯಮಂತ್ರಿಯಾಗಿ ಸಿ.ಎಂ. ಪೂಣಚ್ಚ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಈಗಿನ ಮಕ್ಕಳಲ್ಲಿ ಇದು ಗೊತ್ತಿರುವವರು ಕಡಿಮೆ. ಗೊತ್ತಿಲ್ಲದ್ದನ್ನು ಅವರು ಹೇಗೆ ಹುಡುಕಿಯಾರು? ಓದುಗರು ಇಲ್ಲ ಎಂದು ನಾವು ಬರೆಯದೆ ಬಿಟ್ಟರೆ, ಇದನ್ನೆಲ್ಲ ಕಣ್ಣಾರೆ ಕಂಡವರ ನೆನಪು ಅವರ ಜೊತೆಗೇ ಹೋಗುತ್ತದೆ. ನಾನು ಓದುಗರಿರಲಿ, ಇಲ್ಲದಿರಲಿ ಬರೆಯುವವನೇ.

ಬೆಂಗಳೂರಲ್ಲಿರುವ ಕೊಡಗಿನವನು:
ಮೇಷ್ಟ್ರೇ, ದಯವಿಟ್ಟು ಬರೆಯಿರಿ. ನಾನು ಓದುತ್ತೇನೆ. ಆದರೆ ನನ್ನಂಥವರು ಅಲ್ಲಿಗೆ ಬರಲು ಒಂದು ದಾರಿ ಮಾಡಿಕೊಡಿ.

ನವೆಂಬರ್ 1 ಬಂದಾಗ ಕನ್ನಡ ಓದುವವರೆಲ್ಲ ಏಕೀಕರಣದ ಬಗ್ಗೆ ಓದುತ್ತಾರೆ. ಆ ವಾರ 'ಕೊಡಗು ಮೈಸೂರಿಗೆ ಸೇರಿದ್ದು ಹೇಗೆ' ಎಂದು ಹಾಕಿ. ಅದೇ ಲೇಖನ ಏಪ್ರಿಲ್‌ನಲ್ಲಿ ಹಾಕಿದರೆ ನಮ್ಮೂರಿನವರೆಲ್ಲ ಹಾಕಿ ಆಟದ ಗುಂಗಿನಲ್ಲಿ ಇರುತ್ತಾರೆ, ಕಣ್ಣಿಗೇ ಬೀಳುವುದಿಲ್ಲ. ಏಪ್ರಿಲ್‌ಗೆ ಬೇರೆ ಇತಿಹಾಸ ಇದೆ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡ ಎಂಬ ಊರಿನಲ್ಲಿ 60 ತಂಡಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಕಪ್ಪಿಗೆ 360 ತಂಡಗಳು ಬಂದವು. ಹೇಗೆ ಇಷ್ಟು ಬೆಳೆಯಿತು, ಒಂದು ಕುಟುಂಬ ಇಷ್ಟು ದೊಡ್ಡ ಹೊಣೆ ಹೇಗೆ ಹೊರುತ್ತದೆ ಎಂದು ನಿಮ್ಮಂಥವರು ಬರೆದರೆ ಪಂದ್ಯ ನೋಡಲು ಬಂದವರೆಲ್ಲ ಓದುತ್ತಾರೆ. ಇತಿಹಾಸಕ್ಕೂ ಒಂದು ಸೀಸನ್ ಇದೆ ಎಂದು ನನ್ನ ಅನಿಸಿಕೆ.

ಇನ್ನು ಓದುವವನ ಕಷ್ಟ ಹೇಳಲೇ? ನಾನು ಓದುವುದು ಬಸ್ಸಿನಲ್ಲಿ, ಮೊಬೈಲಿನಲ್ಲಿ. ವಾಟ್ಸಾಪ್ ಗುಂಪಿಗೆ ಕೊಂಡಿ ಬಂದಾಗ ಕಾಣುವುದು ತಲೆಬರಹ ಮತ್ತು ಒಂದು ಸಣ್ಣ ಚಿತ್ರ. ತಲೆಬರಹ ಉದ್ದವಿದ್ದರೆ ಅರ್ಧಕ್ಕೇ ಕತ್ತರಿಸುತ್ತದೆ. ಮುಖ್ಯ ಮಾತು ಮೊದಲ ನಾಲ್ಕೈದು ಪದದಲ್ಲಿ ಇರಲಿ. ತೆರೆದ ಮೇಲೆ 'ಪ್ರಕೃತಿಯ ಮಡಿಲಲ್ಲಿ ಹಚ್ಚಹಸಿರಿನ ನಾಡು' ಎಂದು ಎರಡು ಪ್ಯಾರಾ ಹೋದರೆ ನನ್ನ ಸ್ಟಾಪ್ ಬಂದುಬಿಡುತ್ತದೆ. ನಾನು ಅದೇ ನಾಡಿನವನು, ಅದು ಹಸಿರು ಎಂದು ನನಗೆ ಗೊತ್ತು. ವಿಷಯಕ್ಕೆ ಬನ್ನಿ.

ಊರಿಗೆ ಬಂದಾಗ ಇನ್ನೊಂದು ತೊಂದರೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಕ್ಯಾಮೆರಾದಿಂದ ತೆಗೆದ ಫೋಟೋವನ್ನು ಹಾಗೇ ಏರಿಸಿದರೆ ಪುಟ ತೆರೆಯುವುದೇ ಇಲ್ಲ. ಚಿತ್ರದ ಗಾತ್ರ ಕುಗ್ಗಿಸಿ ಹಾಕಿ. ಅಕ್ಷರ ಮೊದಲು ಬರಲಿ, ಚಿತ್ರ ಆಮೇಲೆ.

ಶನಿವಾರಸಂತೆ ಮೇಷ್ಟ್ರು:
ಸೀಸನ್ ನೋಡಿ ಹಾಕುವ ಮಾತು ನನಗೆ ಹಿಡಿಸಿತು, ಮಗನೇ. ಶಾಲೆಯಲ್ಲಿ ಇದ್ದಾಗ ಟೈಪ್ ಮಾಡಿಟ್ಟ ಬರಹಗಳು ನನ್ನ ಹತ್ತಿರ ಇವೆ. ಎಲ್ಲ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ. ಹಾಗೇ ಹಾಕಬಹುದೇ?

ಮಡಿಕೇರಿ ವರದಿಗಾರ:
ಹಾಗೇ ಹಾಕಬೇಡಿ ಮೇಷ್ಟ್ರೇ. ಹಳೆಯ ನುಡಿ, ಬರಹ ಫಾಂಟ್‌ನ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಬೇಕು. ಇಲ್ಲದಿದ್ದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಹಾಗೆ ಕಾಣುತ್ತದೆ, ಗೂಗಲ್‌ಗೂ ಅದು ಕನ್ನಡ ಎಂದು ತಿಳಿಯುವುದಿಲ್ಲ. ಚಿತ್ರ ಮಾಡಿ ಹಾಕಿದರೂ ಹುಡುಕಾಟದಲ್ಲಿ ಸಿಗುವುದು ಕಷ್ಟ. ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಓದಿ, ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ನಿಮಗೆ ಕಷ್ಟವಾದರೆ ಪೆನ್‌ಡ್ರೈವ್ ಕೊಡಿ, ನಾನು ಮಾಡಿಕೊಡುತ್ತೇನೆ. ಅಂಥ ಬರಹ ಕಂಪ್ಯೂಟರಿನಲ್ಲೇ ಉಳಿದುಬಿಡಬಾರದು.

ಗೋಣಿಕೊಪ್ಪದ ಅಕ್ಕ:
ಒಂದು ಪ್ರಶ್ನೆ ಸರ್. ಮದ್ದುಸೊಪ್ಪಿನ ಲೇಖನವನ್ನು ಪ್ರತಿ ವರ್ಷ ಹೊಸದಾಗಿ ಬರೆಯಬೇಕೋ, ಹಳೆಯದನ್ನೇ ತಿದ್ದಬೇಕೋ?

ಮಡಿಕೇರಿ ವರದಿಗಾರ:
ಹಳೆಯದನ್ನೇ ತಿದ್ದಿ ಅಕ್ಕ. ಪುಟದ ವಿಳಾಸ ಅದೇ ಇರಲಿ. ಜನ ಹಂಚಿಕೊಂಡ ಕೊಂಡಿಗಳು ಎಲ್ಲ ಆ ವಿಳಾಸಕ್ಕೇ ಬರುತ್ತವೆ, ಗೂಗಲ್‌ಗೂ ಅದು ಪರಿಚಯದ ಪುಟ. ತಲಕಾವೇರಿ ತೀರ್ಥೋದ್ಭವದ (ಕಾವೇರಿ ತೀರ್ಥ ಉಕ್ಕುವ ಹಬ್ಬದ) ಲೇಖನವನ್ನು ನಾನು ಹೀಗೇ ಇಟ್ಟಿದ್ದೇನೆ. ತುಲಾ ಸಂಕ್ರಮಣದ ಗಳಿಗೆ ವರ್ಷ ವರ್ಷ ಬದಲಾಗುತ್ತದೆ. ಒಮ್ಮೆ ಬೆಳಗ್ಗೆ, ಒಮ್ಮೆ ನಡುರಾತ್ರಿ. ಸಮಯ ಪ್ರಕಟವಾದ ಕೂಡಲೇ ಅದೊಂದನ್ನು, ವಾಹನ ವ್ಯವಸ್ಥೆಯನ್ನು ಬದಲಾಯಿಸುತ್ತೇನೆ. ವಿಳಾಸದಲ್ಲಿ ಇಸವಿ ಹಾಕಬೇಡಿ, ತಲೆಬರಹದಲ್ಲಿ ಮಾತ್ರ ಹಾಕಿ.

ಸುಂಟಿಕೊಪ್ಪದವರೇ, ನಿಮಗೆ ಇನ್ನೊಂದು ಉಪಾಯ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಪುಕ್ಕಟೆ ಸಾಧನ ಇದೆ. ಜನ ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಅದರಲ್ಲಿ ಎಷ್ಟು ಮಂದಿ ಒತ್ತಿ ಒಳಗೆ ಬಂದರು ಎಂದು ತೋರಿಸುತ್ತದೆ. 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ, ಹಾಗಾಗಿ ಹೋದ ಮಳೆಗಾಲ, ಈ ಮಳೆಗಾಲ ಎರಡನ್ನೂ ಹೋಲಿಸಬಹುದು. ಗೂಗಲ್ ಟ್ರೆಂಡ್ಸ್ ನಮ್ಮಂಥ ಸಣ್ಣ ಜಿಲ್ಲೆಯ ಕನ್ನಡ ಪದಗಳಿಗೆ ಅಷ್ಟು ಉಪಯೋಗ ಇಲ್ಲ, ಸಾಕಷ್ಟು ಮಾಹಿತಿ ಇಲ್ಲ ಎಂದೇ ಬಹಳ ಸಲ ತೋರಿಸುತ್ತದೆ. ಕನ್ಸೋಲ್‌ನಲ್ಲಿ ಮಾತ್ರ ನಿಮ್ಮದೇ ಓದುಗರ ಪ್ರಶ್ನೆ ಅವರದೇ ಪದಗಳಲ್ಲಿ ಸಿಗುತ್ತದೆ. ಮುಂದಿನ ವಿಷಯ ಅಲ್ಲೇ ಇದೆ.

ಸುಂಟಿಕೊಪ್ಪದ ಬರಹ:
ಈಗಷ್ಟೇ ಸೇರಿಸಿ ನೋಡಿದೆ ಸರ್. ಲೆಕ್ಕ ಬರಲು ಒಂದೆರಡು ದಿನ ಬೇಕಂತೆ. ಆದರೆ ಮಳೆ ಲೇಖನದ ಕೆಳಗೆ ಜನ ಕೇಳಿದ ಪ್ರಶ್ನೆಗಳನ್ನು ಇವತ್ತು ಒಟ್ಟಿಗೆ ಓದಿದೆ. ಮಳೆ ಮಾಪಕ ಎಲ್ಲಿ ಇಡಬೇಕು, ಮರದ ಕೆಳಗೆ ಇಟ್ಟರೆ ಲೆಕ್ಕ ತಪ್ಪುತ್ತದಾ, ದಿನಾ ಯಾವ ಹೊತ್ತಿಗೆ ನೋಡಬೇಕು. ಇದರಲ್ಲೇ ಇನ್ನೊಂದು ಲೇಖನ ಇದೆ.

ಬೋರ್ಡೋ ಬಗ್ಗೆಯೂ ಖಂಡಿತ ಬರೆಯುತ್ತೇನೆ. ನಾಪೋಕ್ಲು ಅಣ್ಣ, ನಿಮ್ಮ ತೋಟದಲ್ಲಿ ಕಲಸುವ ದಿನ ನಾನು ಬಂದು ಫೋಟೋ ತೆಗೆಯಬಹುದಾ?

ನಾಪೋಕ್ಲು ಬೆಳೆಗಾರ:
ಬನ್ನಿ ಬನ್ನಿ. ಮೇ ಮೂರನೇ ವಾರ, ಮಳೆ ಹಿಡಿಯುವ ಮೊದಲು. ಬೆಳಗ್ಗೆಯೇ ಬನ್ನಿ, ಅದು ಅಂದಂದೇ ಕಲಸಿ ಅಂದಂದೇ ಹೊಡೆಯಬೇಕಾದ್ದು. ಹಳೇ ಬಟ್ಟೆ ಹಾಕಿಕೊಳ್ಳಿ, ನೀಲಿ ಕಲೆ ಹೋಗುವುದಿಲ್ಲ. ಹೊಡೆಯುವವರು ಕೈಗವಸು, ಮಾಸ್ಕ್ ಹಾಕಿರುವ ಫೋಟೋ ಮರೆಯದೆ ತೆಗೆಯಿರಿ, ಅದನ್ನು ಲೇಖನದಲ್ಲಿ ಮೇಲೆ ಹಾಕಿ.

ಮಾದಾಪುರ ಹೋಂಸ್ಟೇ:
ಹಾಗೇ ಬರುವಾಗ ನಮ್ಮಲ್ಲಿಗೂ ಬನ್ನಿ. ಅತಿಥಿಗಳು ಕೇಳುವ ಪ್ರಶ್ನೆಗಳನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡಲು ಶುರು ಮಾಡುತ್ತೇನೆ. ನಿಮ್ಮ ಅಬ್ಬಿ ಲೇಖನವನ್ನು ತೆಗೆಯಬೇಡಿ. ಎಷ್ಟು ಮೆಟ್ಟಿಲು, ಎಲ್ಲಿ ಕೂರಲು ಜಾಗ, ಮಳೆಗಾಲದಲ್ಲಿ ಜಿಗಣೆ ಎಷ್ಟು, ಇದನ್ನು ಸೇರಿಸಿ ಮತ್ತೆ ಹಾಕಿ. ನಮ್ಮ ಅತಿಥಿಗಳಿಗೆ ಬರುವ ಮೊದಲೇ ಕಳಿಸುತ್ತೇನೆ.